ಹೆಪ್ಪು ಹಾಕಲು ಮರೆತ ರಾತ್ರಿಯಿಂದ ಶುರುವಾದ ಪಟ್ಟಿ: ಅಮ್ಮನ ಕೆಲಸವನ್ನು ಲೆಕ್ಕಕ್ಕೆ ತರುವುದು ಹೇಗೆ?

ತುಂಗೆ ದಡದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಜೂನ್ ಎರಡನೇ ವಾರ ಅಮ್ಮ ಹಿತ್ತಲಿನ ಪಾಚಿಯಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ನಿವೃತ್ತರು, ಅಜ್ಜಿಗೆ 84 ವರ್ಷ, ನಾನು ಇಲ್ಲೇ ಶಿವಮೊಗ್ಗದಲ್ಲಿ ಕೆಲಸಕ್ಕೆ ಹೋಗುತ್ತೇನೆ. ಹುಬ್ಬಳ್ಳಿಯಲ್ಲಿರುವ ತಂಗಿ ಬರುತ್ತೇನೆ ಎಂದಳು. ಅವಳ ಮಗುವಿಗೆ ಶಾಲೆ ಶುರುವಾಗಿತ್ತು, ಅಮ್ಮನೇ ಬೇಡ ಎಂದರು. ನಾನೂ ಅಪ್ಪನೂ ನೋಡಿಕೊಳ್ಳುತ್ತೇವೆ ಎಂದೆವು. ಅನ್ನ, ಸಾರು ನನಗೆ ಬರುತ್ತದೆ. ಉಳಿದದ್ದು ಪಾತ್ರೆ, ಬಟ್ಟೆ, ಕಸ, ಇಷ್ಟೇ ಎಂದುಕೊಂಡಿದ್ದೆ.

ಮೊದಲ ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ಯಾರಿಗೂ ನೆನಪಾಗಲಿಲ್ಲ. ಇದ್ದ ಮೊಸರನ್ನೆಲ್ಲ ಬಡಿಸಿಬಿಟ್ಟಿದ್ದೆವು, ಹೆಪ್ಪಿಗೆ ಒಂದು ಚಮಚವೂ ಉಳಿದಿರಲಿಲ್ಲ. ಅಜ್ಜಿಗೆ ಮೊಸರಿಲ್ಲದೆ ಊಟ ಇಳಿಯುವುದಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದೆ. ಎರಡನೇ ದಿನ ದೋಸೆಗೆ ಅಕ್ಕಿ ನೆನೆಹಾಕಿರಲಿಲ್ಲ. ಮೂರನೇ ದಿನ ನಲ್ಲಿ ನೀರು ಬಂದು ಹೋಗಿತ್ತು, ಸಂಪಿನ ಕವಾಟ ತೆರೆದಿರಲಿಲ್ಲ. ಆವತ್ತೇ ಒಂದು ಹಳೆ ನೋಟ್‌ಬುಕ್ ತೆಗೆದು, ಅಮ್ಮ ಮಾಡುತ್ತಿದ್ದದ್ದೆಲ್ಲ ಒಂದೊಂದಾಗಿ ಬರೆಯಲು ಶುರು ಮಾಡಿದೆ.

ಮೊದಲು ಬರೆದದ್ದು ಕಣ್ಣಿಗೆ ಕಾಣುವ ಕೆಲಸ. ಆಮೇಲೆ ಕಾಣದ್ದು ಬರತೊಡಗಿತು. ಅಜ್ಜಿಯ ಬಿಪಿ ಮಾತ್ರೆ ತಿಂಡಿ ಆದ ಮೇಲೆ, ಇನ್ನೊಂದು ತಿಂಡಿಗೆ ಮೊದಲು. ಎರಡನೇ ಸಿಲಿಂಡರ್ ಹಚ್ಚಿದ ದಿನವೇ ಹೊಸದಕ್ಕೆ ಬುಕ್ ಮಾಡಬೇಕು. ಹಾಲಿನವನ ತಿಂಗಳ ಲೆಕ್ಕದಲ್ಲಿ ಯಾವ ದಿನ ಹಾಲು ಬರಲಿಲ್ಲ ಎಂಬುದು ಅಮ್ಮನ ತಲೆಯಲ್ಲೇ ಇತ್ತು. ಮುಯ್ಯಿ ಪುಸ್ತಕವೂ ಹಾಗೆ. ತಂಗಿ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದ್ದರು, ಅವರ ಮನೆ ಶುಭಕಾರ್ಯಕ್ಕೆ ನಾವು ಎಷ್ಟು ಮಾಡಬೇಕು, ಎಲ್ಲ ಅಮ್ಮನಿಗೆ ಬಾಯಿಪಾಠ.

ನಾಲ್ಕನೇ ರಾತ್ರಿ ಅಜ್ಜಿಯ ಕೋಣೆಯಲ್ಲಿ ಸದ್ದಾಯಿತು. ಅಪ್ಪ ಎದ್ದು ಹೋದರು. ಅಜ್ಜಿ ಗೋಡೆ ಹಿಡಿದುಕೊಂಡು ನಿಂತಿದ್ದರು, ಬಚ್ಚಲಿಗೆ ಹೋಗಬೇಕಿತ್ತು. ಅಮ್ಮ ಐದು ವರ್ಷದಿಂದ ಪ್ರತಿ ರಾತ್ರಿ ಎರಡು ಸಲ ಎದ್ದು ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಒಂದೇ ಮನೆಯಲ್ಲಿ ಮಲಗುವ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ಬೆಳಗ್ಗೆ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಪಟ್ಟಿಯಲ್ಲಿ ಈಗ 61 ಸಾಲುಗಳಿವೆ. ನನ್ನ ಪ್ರಶ್ನೆ ಇದು: ಈ ಕೆಲಸವನ್ನು ದೇಶದ ಲೆಕ್ಕದಲ್ಲಾಗಲಿ, ಕಾನೂನಿನಲ್ಲಾಗಲಿ, ನಮ್ಮ ಮನೆಯಲ್ಲಾಗಲಿ ಲೆಕ್ಕಕ್ಕೆ ತರುವ ದಾರಿ ಯಾವುದು? ಗೊತ್ತಿದ್ದವರು ಬರೆಯಿರಿ.

ಸಮೀಕ್ಷೆಗೆ ಹೋದವನು

ನಾನು ಹಲವು ವರ್ಷ ಮನೆ ಮನೆ ಸಮೀಕ್ಷೆ ಮಾಡಿದವನು. ನಿಮ್ಮ ಅಮ್ಮನಿಗೆ ಸರ್ಕಾರದ ಲೆಕ್ಕದಲ್ಲಿ ಒಂದು ನಂಬರ್ ಇದೆ. ಉದ್ಯೋಗ ಸಮೀಕ್ಷೆಯಲ್ಲಿ ಬರೀ ಮನೆಗೆಲಸ ಮಾಡುವವರಿಗೆ 92. ಮನೆಗೆಲಸದ ಜೊತೆ ಸೌದೆ ತರುವುದು, ದನಕ್ಕೆ ಮೇವು ತರುವುದು, ಮನೆಯವರಿಗೆ ಬಟ್ಟೆ ಹೊಲಿಯುವುದು, ಇಂಥದ್ದು ಮಾಡಿದರೆ 93. ಈ ಎರಡು ನಂಬರ್ ಬಿದ್ದವರು 'ದುಡಿಯುವ ಪಡೆ'ಯ ಹೊರಗೆ ಹೋಗುತ್ತಾರೆ.

ಬಾಗಿಲಲ್ಲಿ ನಿಂತು 'ಮನೆಯ ಹೆಂಗಸರು ಏನು ಮಾಡ್ತಾರೆ' ಎಂದು ಕೇಳಿದರೆ, ಬಹಳ ಗಂಡಸರು 'ಏನಿಲ್ಲ, ಮನೇಲೇ ಇರ್ತಾರೆ' ಎನ್ನುತ್ತಿದ್ದರು. ಒಳಗಿನಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಲೇ ಇರುತ್ತಿತ್ತು. ನಾನು 92 ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಸಮಯ ಬಳಕೆ ಸಮೀಕ್ಷೆಯಲ್ಲಿ ಮಾತ್ರ ಈ ಕೆಲಸ ನಿಮಿಷದ ಲೆಕ್ಕದಲ್ಲಿ ಕಾಣುತ್ತದೆ. ದೇಶದಾದ್ಯಂತ ಅದು ಮೊದಲು ನಡೆದದ್ದು 2019ರಲ್ಲಿ. ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದವರು ಹೆಂಗಸರಲ್ಲಿ 81.2%, ಗಂಡಸರಲ್ಲಿ 26.1%. ಮಾಡಿದವರ ಸರಾಸರಿ ತೆಗೆದರೆ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆ ಆಯಿತು. ಹೆಂಗಸರದ್ದು 289ಕ್ಕೆ ಇಳಿದಿದೆ ಎಂದು ಖುಷಿಪಡುವಷ್ಟರಲ್ಲಿ ಗಂಡಸರದ್ದು 88ಕ್ಕೆ ಇಳಿದದ್ದು ಕಂಡಿತು. ಅಂತರ 202 ನಿಮಿಷ ಇದ್ದದ್ದು 201 ಆಗಿದೆ. ಐದು ವರ್ಷಕ್ಕೆ ಒಂದು ನಿಮಿಷ.

ಇನ್ನು ರಾಷ್ಟ್ರೀಯ ಆದಾಯ. ವಿಶ್ವಸಂಸ್ಥೆಯ ಲೆಕ್ಕಪದ್ಧತಿಯಲ್ಲಿ ಮನೆಬಳಕೆಗೆ ಬೆಳೆದ ರಾಗಿ, ಕರೆದ ಹಾಲು, ಹೊತ್ತು ತಂದ ನೀರು, ಇವೆಲ್ಲ ಉತ್ಪಾದನೆಯೇ. ಅದೇ ರಾಗಿಯನ್ನು ಮುದ್ದೆ ಮಾಡಿ ಮನೆಯವರಿಗೆ ಬಡಿಸಿದರೆ ಉತ್ಪಾದನೆ ಅಲ್ಲ. ಹೋಟೆಲಿನಲ್ಲಿ ಬಡಿಸಿದರೆ ಮತ್ತೆ ಉತ್ಪಾದನೆ. ಗೆರೆ ಎಳೆದಿರುವುದು ಅಡುಗೆಮನೆಯ ಹೊಸ್ತಿಲಲ್ಲಿ.

ನೇರ ಮಾತು

ಅಮ್ಮಂದಿರ ಬಗ್ಗೆ ನನಗೂ ಅಷ್ಟೇ ಗೌರವ ಇದೆ. ಆದರೆ ಒಂದು ಸಂಕಟ ಹೇಳುತ್ತೇನೆ. ಪ್ರೀತಿಯಿಂದ ಮಾಡಿದ್ದಕ್ಕೆ ನಿಮಿಷ, ರೂಪಾಯಿ ಎಂದು ಹಚ್ಚಿದರೆ ಮನೆ ಅಂಗಡಿ ಆಗುವುದಿಲ್ಲವೇ? ನನ್ನ ತಾಯಿ ನನಗೆ ಜ್ವರ ಬಂದಾಗ ರಾತ್ರಿಯಿಡೀ ಕೂತಿದ್ದರು. ಅದಕ್ಕೆ ಬೆಲೆ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ. ಗಂಡಸರೂ ಬಿಸಿಲು ಮಳೆ ಎನ್ನದೆ ಮನೆಗಾಗಿಯೇ ದುಡಿಯುತ್ತಾರೆ, ಅಲ್ವಾ?

ಹಾಸನದ ಕಡೆಯವಳು

ನೇರ ಮಾತು ಅಣ್ಣಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಬೆಲೆ ಕಟ್ಟಿದ ಕೆಲಸದಲ್ಲೂ ಹೆಂಗಸರ ಹೆಸರು ಇರುವುದಿಲ್ಲ, ಅದನ್ನು ಕೇಳಿ.

ನಮ್ಮ ಮನೆಯಲ್ಲಿ ಮೂರು ಹಸು. ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವುದು, ಕೊಟ್ಟಿಗೆ ತೊಳೆಯುವುದು, ಹಿಂಡಿ ಬೂಸಾ ಕಲೆಸುವುದು, ಹಾಲು ಕರೆಯುವುದು, ಮಧ್ಯಾಹ್ನ ಸೀಮೆಹುಲ್ಲು ಕೊಯ್ದು ತರುವುದು, ಸಂಜೆ ಮತ್ತೆ ಕರೆಯುವುದು, ಇಷ್ಟೂ ನಾನು ಮತ್ತು ಅತ್ತೆ. ಕ್ಯಾನ್ ತೆಗೆದುಕೊಂಡು ಡೇರಿಗೆ ಹೋಗಿ ಹಾಕಿ ಬರುವುದು ನಮ್ಮ ಯಜಮಾನರು. ಹತ್ತು ನಿಮಿಷದ ಕೆಲಸ. ಸದಸ್ಯತ್ವ ಅವರ ಹೆಸರಲ್ಲಿ, ಬಟವಾಡೆ ಬೀಳುವುದು ಅವರ ಖಾತೆಗೆ. ಅವರು ಕೆಟ್ಟವರಲ್ಲ, ಕೇಳಿದರೆ ಕೊಡುತ್ತಾರೆ. ನಾನು ಕರೆದ ಹಾಲಿನ ದುಡ್ಡನ್ನು ನಾನು ಕೇಳಿ ತೆಗೆದುಕೊಳ್ಳಬೇಕು. ನನ್ನ ಸಂಕಟ ಅದು.

ಪಕ್ಕದ ಊರಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ ಇದೆ. ಅಲ್ಲಿ ಸದಸ್ಯರು, ನಿರ್ದೇಶಕರು ಎಲ್ಲ ಹೆಂಗಸರೇ. ಅಲ್ಲಿಗೆ ಮದುವೆಯಾಗಿ ಹೋದ ನನ್ನ ಚಿಕ್ಕಮ್ಮನ ಮಗಳ ಕೈಯಲ್ಲಿ ಪಾಸ್‌ಬುಕ್ ಇದೆ. ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಯಾಕೆ ಕಡಿಮೆ ಆಯಿತು ಎಂದು ಅವಳು ನಿಂತು ಕೇಳುತ್ತಾಳೆ. ಅದೇ ಹಸು, ಅದೇ ಹುಲ್ಲು. ಹೋದ ವರ್ಷ ಕರು ಮಾರುವಾಗ ಮನೆಯವರು ಮೊದಲು ಅವಳನ್ನು ಕೇಳಿದರಂತೆ.

ಜಮೀನಿನ ಮಾತೂ ಅಷ್ಟೇ. ಕಳೆ ತೆಗೆಯುವುದು, ನಾಟಿ ಮಾಡುವುದು ನಾವು. ಪಹಣಿಯಲ್ಲಿ ಮಾವನ ಹೆಸರು.

ಸಮೀಕ್ಷೆಗೆ ಹೋದವನು

ಹೌದು ತಾಯಿ. 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಸುಮಾರು 14% ಮಾತ್ರ. ಗದ್ದೆಯಲ್ಲಿ ಬಗ್ಗಿ ನಿಂತವರನ್ನು ನೋಡಿದರೆ ಯಾರೂ ಈ ಅಂಕಿ ನಂಬುವುದಿಲ್ಲ.

ಎರಡು ಪಾಳಿ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮಗ ಎರಡನೇ ತರಗತಿ. ತುಂಗೆ ದಡದವನು ಅವರು ಬರೆದ 'ಕಾಣದ ಕೆಲಸ' ಓದಿ ಎರಡು ದಿನ ಅದನ್ನೇ ಯೋಚಿಸಿದೆ.

ನಮ್ಮ ಮನೆಯವರು ಒಳ್ಳೆಯವರು. ಪಾತ್ರೆ ತೊಳೆಯುತ್ತಾರೆ, ತರಕಾರಿ ಹೆಚ್ಚುತ್ತಾರೆ. 'ಏನು ಮಾಡಬೇಕು ಹೇಳು, ಮಾಡ್ತೀನಿ' ಎನ್ನುತ್ತಾರೆ. ಬಹಳ ವರ್ಷ ನನಗೆ ಇದರಲ್ಲಿ ಏನು ಕೊರತೆ ಎಂದು ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಹೇಳುವುದೇ ಒಂದು ಕೆಲಸ. ಕ್ಯಾಶ್ ಎಣಿಸುತ್ತಾ ಕೂತಿರುವಾಗ ನನ್ನ ತಲೆಯಲ್ಲಿ ಮಗನ ಶೂ ಬಿಗಿಯಾಗಿದೆ, ಮಾವನ ಸಕ್ಕರೆ ಪರೀಕ್ಷೆ ಶನಿವಾರ, ಉದ್ದಿನಬೇಳೆ ಮುಗಿದಿದೆ ಎಂದು ಓಡುತ್ತಿರುತ್ತದೆ. ಅವರ ತಲೆ ಆ ಹೊತ್ತಿನಲ್ಲಿ ಖಾಲಿ ಇರುತ್ತದೆ. ಅವರು ಕೈ ಕೊಡುತ್ತಾರೆ, ತಲೆ ನನ್ನದೇ.

ಹೋದ ವರ್ಷ ಒಂದು ಪ್ರಯತ್ನ ಮಾಡಿದೆವು. ಕೆಲಸ ಹಂಚಿಕೊಳ್ಳುವುದು ಬಿಟ್ಟು, ಮಂತ್ರಿಗಳಿಗೆ ಹಂಚುವ ಹಾಗೆ ಖಾತೆಗಳನ್ನೇ ಹಂಚಿಕೊಂಡೆವು. ಶಾಲೆಯ ಖಾತೆ ಪೂರ್ತಿ ಅವರದ್ದು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ನನ್ನ ನಂಬರ್ ತೆಗೆಸಿ ಅವರದ್ದು ಹಾಕಿಸಿದೆವು. ಅದಕ್ಕೇ ಮೂರು ಸಲ ಹೇಳಬೇಕಾಯಿತು, ಆ ಗುಂಪಿನಲ್ಲಿ ಇದ್ದವರೆಲ್ಲ ತಾಯಂದಿರೇ. ಮೊದಲ ತಿಂಗಳು ಕಷ್ಟವಾಯಿತು. ಒಂದು ದಿನ ಎಲ್ಲ ಮಕ್ಕಳೂ ಹಸಿರು ಬಟ್ಟೆಯಲ್ಲಿ, ನಮ್ಮ ಮಗ ಸಮವಸ್ತ್ರದಲ್ಲಿ. ಅವನು ಅಳುತ್ತಾ ಬಂದ. ನನಗೆ ಹಿಂದಿನ ದಿನವೇ ಗೆಳತಿಯಿಂದ ಗೊತ್ತಾಗಿತ್ತು, ಆದರೂ ಬಾಯಿ ಬಿಡಲಿಲ್ಲ. ಮಗನನ್ನು ಅಳಿಸಿದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅದಾದ ಮೇಲೆ ಅವರೇ ರಾತ್ರಿ ಒಂಬತ್ತಕ್ಕೆ ಡೈರಿ ತೆಗೆದು ನೋಡುತ್ತಾರೆ. ಶೂ ಬಿಗಿಯಾದದ್ದು ಈ ಸಲ ಅವರಿಗೇ ಮೊದಲು ಕಂಡಿತು. ಅವತ್ತು ನನ್ನ ಹೆಗಲ ಮೇಲಿಂದ ಏನೋ ಇಳಿದ ಹಾಗಾಯಿತು.

ನೇರ ಮಾತು ಅವರೇ, ಗಂಡಸರು ದುಡಿಯುವುದಿಲ್ಲ ಎಂದು ಯಾರೂ ಹೇಳುತ್ತಿಲ್ಲ. ನಾನೂ ದುಡಿಯುತ್ತೇನೆ. ನಾನು ಮನೆಗೆ ಬಂದ ಮೇಲೆ ಎರಡನೇ ಪಾಳಿ ಶುರುವಾಗುತ್ತದೆ. ಪ್ರೀತಿ ಇದ್ದರೂ ಬೆನ್ನು ನೋಯುತ್ತದೆ.

ಮಂಡ್ಯದ ಸೊಸೆ

ಗೃಹಲಕ್ಷ್ಮಿ ಮಾತು ಯಾರೂ ಎತ್ತಲಿಲ್ಲ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಶುರುವಾಯಿತಲ್ಲ. ತಿಂಗಳಿಗೆ 2,000 ರೂಪಾಯಿ ನೇರ ನನ್ನ ಖಾತೆಗೆ ಬರುತ್ತದೆ. ಅದು ಸಂಬಳ ಅಲ್ಲ, ನನಗೂ ಗೊತ್ತು. ಕೆಲವು ಸಲ ತಡವಾಗುತ್ತದೆ. ಆದರೆ ಮದುವೆಯಾಗಿ 19 ವರ್ಷದಲ್ಲಿ ನನ್ನ ಹೆಸರಿಗೆ ಬಂದ ಮೊದಲ ದುಡ್ಡು ಅದು. ಮೊದಲ ತಿಂಗಳು ಮಗಳಿಗೆ ಕನ್ನಡಕ ಮಾಡಿಸಿದೆ. ಯಾರನ್ನೂ ಕೇಳಲಿಲ್ಲ.

ಕೋರ್ಟಿನ ಕಡೆಯವನು

ಕಾನೂನಿನ ಬಗ್ಗೆ ಕೇಳಿದ್ದೀರಿ. ನನ್ನ ಕೆಲಸ ಮೋಟಾರು ಅಪಘಾತದ ಪರಿಹಾರದ ಕೇಸುಗಳಲ್ಲಿ. ಹೇಳಲು ನೋವಾಗುತ್ತದೆ, ನಮ್ಮ ನ್ಯಾಯಾಲಯಗಳು ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟಲು ಕಲಿತದ್ದು ಆಕೆ ಸತ್ತ ಮೇಲಿನ ಕೇಸುಗಳಲ್ಲಿ.

1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಎರಡನೇ ಅನುಸೂಚಿಯಲ್ಲಿ ಒಂದು ಸೂತ್ರ ಇತ್ತು. ಆದಾಯವಿಲ್ಲದ ಸಂಗಾತಿ ಸತ್ತರೆ, ಬದುಕುಳಿದ ಸಂಗಾತಿಯ ಆದಾಯದ ಮೂರನೇ ಒಂದು ಭಾಗವನ್ನು ಸತ್ತವರ ಆದಾಯ ಎಂದು ಹಿಡಿಯಬೇಕು. ಅಂದರೆ ಒಂದೇ ಬೀದಿಯ ಇಬ್ಬರು ಹೆಂಗಸರು ಒಂದೇ ಕೆಲಸ ಮಾಡಿದರೂ ಅವರ ಬೆಲೆ ಗಂಡನ ಸಂಬಳದ ಮೇಲೆ ನಿಂತಿತ್ತು.

1989ರಲ್ಲಿ ಜಮ್‌ಶೆಡ್‌ಪುರದ ಬೆಂಕಿ ಅನಾಹುತದಲ್ಲಿ ಬಹಳ ಹೆಂಗಸರು, ಮಕ್ಕಳು ತೀರಿಕೊಂಡರು. ಅದರಿಂದ ಬಂದ ಲತಾ ವಾಧ್ವಾ ಕೇಸಿನಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪು ಕೊಟ್ಟಿತು. 34ರಿಂದ 59 ವರ್ಷದ ಗೃಹಿಣಿಯ ಸೇವೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಹಿಡಿಯಿತು. 2010ರ ಅರುಣ್ ಕುಮಾರ್ ಅಗ್ರವಾಲ್ ತೀರ್ಪಿನಲ್ಲಿ ಇನ್ನೊಂದು ಮಾತು ಹೊರಬಂತು. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ 'ಕೆಲಸ ಮಾಡದವರು' ಎಂಬ ಗುಂಪಿಗೆ ಸೇರಿಸಲಾಗಿತ್ತು. ನ್ಯಾಯಮೂರ್ತಿಗಳು ಇದನ್ನು ಕಟುವಾಗಿ ಟೀಕಿಸಿದರು.

2021ರ ಜನವರಿಯ ಕೀರ್ತಿ ಕೇಸು ಇನ್ನೂ ಮುಖ್ಯ. ದಿಲ್ಲಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ಇಬ್ಬರೂ ಸತ್ತಿದ್ದರು, ಪುಟ್ಟ ಮಕ್ಕಳು ಉಳಿದಿದ್ದರು. ನ್ಯಾಯಮೂರ್ತಿ ಎನ್.ವಿ. ರಮಣ ಅವರು ಮೇಲೆ ಹೇಳಿದ 299 ಮತ್ತು 97 ನಿಮಿಷದ ಅಂಕಿಯನ್ನೇ ತೀರ್ಪಿನಲ್ಲಿ ಬರೆದರು. ಗೃಹಿಣಿಯ ಅಂದಾಜು ಆದಾಯಕ್ಕೂ ಮುಂದಿನ ವರ್ಷಗಳ ಏರಿಕೆಯನ್ನು ಸೇರಿಸಬೇಕು ಎಂದಾಯಿತು. ಅನುಭವ ಹೆಚ್ಚಾದಂತೆ ಆಕೆಯ ಕೆಲಸದ ಬೆಲೆಯೂ ಏರುತ್ತದೆ ಎಂದು ಕೊನೆಗೂ ಒಪ್ಪಿಕೊಂಡ ಹಾಗೆ.

ಬದುಕಿರುವವರ ಹಕ್ಕಿನ ಮಾತಿಗೆ ಬಂದರೆ, 2023ರ ಜೂನ್‌ನ ಮದ್ರಾಸ್ ಹೈಕೋರ್ಟ್ ತೀರ್ಪು ಓದಿ. ಗಂಡ ಸೌದಿಯಲ್ಲಿ ದುಡಿದ, ಹೆಂಡತಿ ಊರಲ್ಲಿ ಮನೆ ಮಕ್ಕಳನ್ನು ನೋಡಿಕೊಂಡಳು. ಅವಳು ಮನೆ ನಡೆಸಿದ್ದರಿಂದಲೇ ಅವನು ದುಡಿಯಲು ಸಾಧ್ಯವಾಯಿತು, ಆದ್ದರಿಂದ ಕೊಂಡ ಆಸ್ತಿಯಲ್ಲಿ ಅವಳಿಗೂ ಸಮಪಾಲು ಎಂದಿತು ಕೋರ್ಟು. ಇದು ಒಂದು ಹೈಕೋರ್ಟಿನ ತೀರ್ಪು, ಇಡೀ ದೇಶದ ಕಾನೂನಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಂಹಿತೆಯ ಪದ್ಧತಿ ಉಳಿದಿದೆ. ಅಲ್ಲಿ ಮದುವೆಗೆ ಮೊದಲು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಆಸ್ತಿ ಇಬ್ಬರಿಗೂ ಅರ್ಧರ್ಧ. ನಮ್ಮಲ್ಲಿ ಆ ಕಾನೂನಿಲ್ಲ. ಆದ್ದರಿಂದ ಸೈಟು, ಮನೆ ಕೊಳ್ಳುವಾಗಲೇ ಜಂಟಿ ಹೆಸರಲ್ಲಿ ನೋಂದಣಿ ಮಾಡಿಸಿ. ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಇದನ್ನೇ ಹೇಳುತ್ತೇನೆ.

ಅಮ್ಮನ ಮಗಳು

ಎಲ್ಲರ ಮಾತು ಓದಿದೆ. ನನ್ನ ಅಮ್ಮ ಬೆಂಗಳೂರಿನಲ್ಲಿ ಐದು ಮನೆಗಳ ಕೆಲಸ ಮಾಡಿ ನನ್ನನ್ನು ಓದಿಸಿದರು. ನಿಮ್ಮ ಮನೆಗಳಲ್ಲಿ ಪುಕ್ಕಟೆ ನಡೆಯುವ ಕೆಲಸವನ್ನೇ ಅವರು ದುಡ್ಡಿಗೆ ಮಾಡಿದರು. ಮನೆಯಲ್ಲಿ ಪುಕ್ಕಟೆ ಸಿಗುತ್ತದೆ ಎಂಬ ಕಾರಣಕ್ಕೇ ಹೊರಗಿನವರು ಮಾಡಿದರೂ ಅದರ ಕೂಲಿ ಏರುವುದಿಲ್ಲ. ಇವೆರಡನ್ನೂ ಬೇರೆ ಬೇರೆ ಇಟ್ಟು ಮಾತಾಡಬಾರದು ಎನ್ನಿಸುತ್ತದೆ ನನಗೆ.

ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತು ಮಾಡಿತು, ದೇಶದಲ್ಲಿ ಮೊದಲ ರಾಜ್ಯಗಳಲ್ಲಿ ಒಂದು. ಅಮ್ಮ ಕೆಲಸ ಮಾಡಿದ ಒಂದು ಮನೆಯಲ್ಲೂ ಆ ಮಾತು ಬರಲಿಲ್ಲ, ಅಮ್ಮನಿಗೂ ತಿಳಿದಿರಲಿಲ್ಲ. ಸರ್ಕಾರವೂ ಹೀಗೆಯೇ. ಅಂಗನವಾಡಿ ಅಕ್ಕಂದಿರು 1975ರಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ, ಅಂದರೆ ಗ್ರಾಚ್ಯುಟಿಗೆ, ಅವರೂ ಅರ್ಹರು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರ ಸೇವೆ, ಅದು ಕೆಲಸ ಅಲ್ಲ ಎಂಬ ಮಾತು ಅಡುಗೆಮನೆಯಿಂದ ವಿಧಾನಸೌಧದವರೆಗೂ ಹೋಗಿದೆ.

ಅಮ್ಮ ಐದು ಮನೆ ಮುಗಿಸಿ ಬಂದು ಆರನೇ ಮನೆಯ ಕೆಲಸ ಶುರು ಮಾಡುತ್ತಿದ್ದರು. ಆ ಆರನೆಯದು ನಮ್ಮದು.

ಅರವತ್ತೆಂಟರ ಅಜ್ಜಿ

ನನ್ನ ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ಮಾತು ನನ್ನದು.

ಮಕ್ಕಳೇ, ನಮ್ಮ ತಪ್ಪನ್ನೂ ಹೇಳಬೇಕು. ನನ್ನ ಮಗ ಹತ್ತು ವರ್ಷದವನಿದ್ದಾಗ ರೊಟ್ಟಿ ತಟ್ಟುತ್ತೇನೆ ಎಂದು ಒಲೆ ಮುಂದೆ ಬಂದು ಕೂತಿದ್ದ. 'ಗಂಡು ಹುಡುಗ, ಏಳು ಆಚೆ' ಎಂದು ಎಬ್ಬಿಸಿ ಕಳಿಸಿದೆ. ಮಗಳು ಎಂಟು ವರ್ಷಕ್ಕೆ ನೆಲ ಒರೆಸುತ್ತಿದ್ದಳು. ನಾನೇ ಕಲಿಸಿದೆ. ಈಗ ಸೊಸೆ ಒಬ್ಬಳೇ ಒದ್ದಾಡುವುದನ್ನು ನೋಡಿದರೆ ಆ ಹುಡುಗನನ್ನು ಯಾಕೆ ಎಬ್ಬಿಸಿದೆ ಎನ್ನಿಸುತ್ತದೆ.

ನನಗೆ ಸಂಬಳ ಬೇಡವಾಗಿತ್ತು. ಮಧ್ಯಾಹ್ನ ಒಂದು ಗಂಟೆ ಮಲಗಿದರೆ ಯಾರೂ ಏನೂ ಅನ್ನಬಾರದು, ಅಷ್ಟು ಸಾಕಾಗಿತ್ತು. ಬಾಗಿಲು ಬಡಿದ ಸದ್ದು ಕೇಳಿದರೆ ಎದ್ದು ಸೆರಗು ಸರಿಮಾಡಿಕೊಂಡು, ಮಲಗಿರಲೇ ಇಲ್ಲ ಎನ್ನುವಂತೆ ನಿಲ್ಲುತ್ತಿದ್ದೆ. ಐವತ್ತು ವರ್ಷ ಹಾಗೇ ಕಳೆಯಿತು.

ನೇರ ಮಾತು

ಅಜ್ಜಿಯ ಮಾತು ಓದಿ ಬಹಳ ಹೊತ್ತು ಸುಮ್ನೆ ಕೂತೆ. ರೂಪಾಯಿಯ ಲೆಕ್ಕ ಮನೆಯೊಳಗೆ ಬರುವುದು ನನಗೆ ಈಗಲೂ ಇಷ್ಟವಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಪ್ರೀತಿ ಎಂದು ಕರೆದದ್ದರಲ್ಲಿ ಎಷ್ಟು ಪಾಲು ಬೇರೆ ದಾರಿ ಇಲ್ಲದ್ದು ಎಂದು ನನ್ನ ತಾಯಿಯನ್ನು ಯಾವತ್ತೂ ಕೇಳಿಲ್ಲ. ಮನೆ ನನ್ನೊಬ್ಬನ ಹೆಸರಲ್ಲಿದೆ. ಹೆಂಡತಿಯ ಹೆಸರು ಸೇರಿಸಲು ಏನು ಮಾಡಬೇಕು ಎಂದು ಕೋರ್ಟಿನ ಕಡೆಯವನು ಅವರು ತಿಳಿಸಿದರೆ ಉಪಕಾರ.

ಕೋರ್ಟಿನ ಕಡೆಯವನು

ಹೆಂಡತಿಯ ಪಾಲಿನಷ್ಟಕ್ಕೆ ದಾನಪತ್ರ ಮಾಡಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು, ಆಮೇಲೆ ಮನೆಯ ಆಸ್ತಿ ಖಾತೆಯಲ್ಲಿ ಹೆಸರು ಸೇರಿಸಬೇಕು. ಮನೆಯ ಮೇಲೆ ಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಬೇಕು. ಕಾಗದ ಪತ್ರ ತೆಗೆದುಕೊಂಡು ನಿಮ್ಮೂರಿನ ವಕೀಲರನ್ನು ನೋಡಿ.

ತುಂಗೆ ದಡದವನು

ಎಲ್ಲರಿಗೂ ಕೃತಜ್ಞ. ಪ್ಲಾಸ್ಟರ್ ಬಿಚ್ಚಿ ಒಂದು ವಾರ ಆಯಿತು. ಅಮ್ಮನ ಕೈ ಇನ್ನೂ ಪೂರ್ತಿ ತಿರುಗುವುದಿಲ್ಲ, ಬಟ್ಟೆ ಹಿಂಡಲು ಆಗುವುದಿಲ್ಲ.

ಈ ನಡುವೆ ಬೇರೆಯವರನ್ನು ಇಟ್ಟುಕೊಂಡರೆ ಎಷ್ಟಾಗುತ್ತದೆ ಎಂದು ವಿಚಾರಿಸಿದ್ದೆ. ಅಡುಗೆಯವರು 6,000 ಕೇಳಿದರು, ಪಾತ್ರೆ ಬಟ್ಟೆಗೆ 3,000, ಅಜ್ಜಿಯನ್ನು ಹಗಲು ನೋಡಿಕೊಳ್ಳಲು 15,000. ಒಟ್ಟು 24,000. ಇದರಲ್ಲಿ ರಾತ್ರಿ ಇಲ್ಲ, ಭಾನುವಾರ ಇಲ್ಲ, ನೆನಪಿಟ್ಟುಕೊಳ್ಳುವುದಂತೂ ಇಲ್ಲವೇ ಇಲ್ಲ. ಅಪ್ಪನ ಪಿಂಚಣಿಯ ಬಹುಪಾಲು ಅಷ್ಟಕ್ಕೇ ಹೋಗುತ್ತಿತ್ತು. ಅಪ್ಪ ಆ ಚೀಟಿಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡರು.

ನೋಟ್‌ಬುಕ್ಕನ್ನು ಅಮ್ಮನಿಗೆ ತೋರಿಸಲು ಸಂಕೋಚವಿತ್ತು. ತೋರಿಸಿದೆ. ಕನ್ನಡಕ ಹಾಕಿಕೊಂಡು 61 ಸಾಲನ್ನೂ ಓದಿದರು. ಖುಷಿಪಡುತ್ತಾರೋ ಅಳುತ್ತಾರೋ ಎಂದು ನೋಡುತ್ತಿದ್ದೆ. ಎರಡೂ ಆಗಲಿಲ್ಲ. 'ಉಪ್ಪಿನಕಾಯಿ ಜಾಡಿ ಬಿಸಿಲಿಗೆ ಇಡೋದು ಬರೆದಿಲ್ಲ' ಎಂದರು. ಆಮೇಲೆ, ಅಜ್ಜಿಯ ಕಾಲುಗುರು ಕತ್ತರಿಸುವುದು. ಆಮೇಲೆ, ಅಪ್ಪ ಮತ್ತು ದೊಡ್ಡಪ್ಪ ಮಾತು ಬಿಟ್ಟಾಗ ದೊಡ್ಡಮ್ಮನಿಗೆ ಫೋನ್ ಮಾಡಿ ಸರಿ ಮಾಡುವುದು. ಅವರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. 78ರಲ್ಲಿ ನಿಂತಿದೆ.

ಎರಡು ಪಾಳಿ ಅಕ್ಕಾ, ನಿಮ್ಮ ಹಾಗೆ ಖಾತೆ ಹಂಚಿಕೊಂಡಿದ್ದೇವೆ. ನೀರು, ಗ್ಯಾಸ್, ಹಾಲಿನ ಲೆಕ್ಕ, ಅಜ್ಜಿಯ ಔಷಧಿ ಅಪ್ಪನದು. ಬೆಳಗಿನ ತಿಂಡಿ, ಬಟ್ಟೆ, ನೆನೆಹಾಕುವುದು, ಹೆಪ್ಪು ನನ್ನದು. ಮುಯ್ಯಿ ಪುಸ್ತಕವನ್ನು ಅಮ್ಮ ಕೊಡುವುದಿಲ್ಲ ಎಂದರು. ಅದು ನನ್ನದೇ ಇರಲಿ ಎಂದರು. ಇರಲಿ.

ಹಾಸನದ ಕಡೆಯವಳು

ತಮ್ಮಾ, ಅಜ್ಜಿಯ ರಾತ್ರಿ ಪಾಳಿ ಈಗ ಯಾರದು?

ತುಂಗೆ ದಡದವನು

ಸೋಮವಾರದಿಂದ ಗುರುವಾರ ಅಪ್ಪ, ಉಳಿದ ಮೂರು ರಾತ್ರಿ ನಾನು ಅಕ್ಕಾ. ಅಮ್ಮನಿಗೆ ಈಗಲೂ ಅದೇ ಹೊತ್ತಿಗೆ ಎಚ್ಚರ ಆಗುತ್ತದೆ. ಎದ್ದು ಕೂರುತ್ತಾರೆ. ಅಜ್ಜಿಯ ಕೋಣೆಯಲ್ಲಿ ಲೈಟ್ ಹತ್ತಿದ್ದು ಕಂಡ ಮೇಲೆ ಮತ್ತೆ ಮಲಗುತ್ತಾರೆ.